ಮೀಲ್ ಮೇಕರ್‌ಗೆ ಕೆಂಪಯ್ಯನ ಸಾಕ್ಷಿ

ಬೇಗೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಬೀಗರ ಊಟವಿದ್ದರೂ ಮೊದಲ ತುಂಡು ಬೀಳುವುದು ಬೀಗರ ಎಲೆಗಲ್ಲ, ಕೆಂಪಯ್ಯನ ಎಲೆಗೆ. ಮದುವೆಯಾದ ಮೇಲೆ ಗಂಡಿನ ಕಡೆಯವರನ್ನೂ ಹೆಣ್ಣಿನ ಕಡೆಯವರನ್ನೂ ಕೂರಿಸಿ ಮಾಂಸದಡುಗೆ ಬಡಿಸುವ ಈ ಊಟ ಕೆಟ್ಟರೆ ಸಂಬಂಧವೇ ಕೆಟ್ಟಿತು ಎಂದು ನಂಬಿರುವ ಸೀಮೆ ನಮ್ಮದು. ನಮ್ಮದು ಎಂದೆ, ಆದರೆ ಆ ಪಂಕ್ತಿಯಲ್ಲಿ ನಾನು ಕೂತವನಲ್ಲ. ನಾವು ಲಿಂಗ ಕಟ್ಟಿದವರು. ಬಸ್ಸು ನಿಲ್ಲುವ ಕಡೆ ನನ್ನದೊಂದು ದಿನಸಿ ಅಂಗಡಿ ಇದೆ. ಊಟದ ಮನೆಗೆ ಈರುಳ್ಳಿ, ಕೊತ್ತಂಬರಿ ಬೀಜ, ಚಕ್ಕೆ ಲವಂಗ ತಲುಪಿಸಿ, ಅವರು ಮರ್ಯಾದೆಗೆಂದು ಕೊಟ್ಟ ಬಾಳೆಹಣ್ಣನ್ನು ದೂರದಲ್ಲಿ ನಿಂತು ತಿಂದು ಬರುವವನು ನಾನು. ದೂರದಲ್ಲಿ ನಿಂತಿದ್ದರಿಂದಲೇ ಕೆಂಪಯ್ಯನನ್ನು ಚೆನ್ನಾಗಿ ನೋಡಿದ್ದೇನೆ.

ಇಂಥ ಹೆಸರು ಮಾಡಿದ ಮನುಷ್ಯ ಹೊಟ್ಟೆ ಬಿಟ್ಟುಕೊಂಡು ದಪ್ಪಗಿರಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಕೆಂಪಯ್ಯ ಒಣಗಿದ ತೊಗರಿ ಕಡ್ಡಿ. ವಯಸ್ಸು ಅರವತ್ತು ದಾಟಿದೆ. ಬೇರೆ ದಿನಗಳಲ್ಲಿ ಅರಿಸಿನದ ಹೊಲಕ್ಕೆ, ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗುತ್ತಾನೆ. ಮನೆಯ ಮುಂದೆ ನಾಲ್ಕಾರು ಆಡು ಕಟ್ಟಿದ್ದಾನೆ. ಮದುವೆಯ ತಿಂಗಳು ಬಂತೆಂದರೆ ಮಾತ್ರ ಅವನ ಕೈಗೆ ಸೌಟು ಬರುತ್ತದೆ. ಮಸಾಲೆ ರುಬ್ಬುವುದು ಅವನ ಹೆಂಡತಿ ಚಾಮುಂಡಿ, ಬೆಂಕಿ ನೋಡುವುದು ಅವನು. ಕೊನೆಗೆ ಪಾತ್ರೆಯ ಮುಚ್ಚಳ ತೆಗೆದಾಗ ಒಂದು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎಲೆಯ ತುಂಡಿನ ಮೇಲೆ ಒಂದು ಚೂರು ಮಾಂಸ, ಅದರ ಮೇಲೆ ಒಂದು ಸೌಟು ಸಾರು ಹಾಕಿಸಿಕೊಂಡು ಬಾಯಿಗಿಡುತ್ತಾನೆ. ಎಡಗಣ್ಣು ಮುಚ್ಚಿಕೊಳ್ಳುತ್ತದೆ. ದವಡೆ ಒಂದೆರಡು ಸಲ ಆಡಿ ನಿಂತುಬಿಡುತ್ತದೆ. ಅಷ್ಟು ಹೊತ್ತು ಚಪ್ಪರದಲ್ಲಿ ಯಾರೂ ಮಾತಾಡುವುದಿಲ್ಲ. ಆಮೇಲೆ ಅವನು "ಇಕ್ಕಿ" ಎನ್ನುತ್ತಾನೆ. ಆಗಲೇ ಪಂಕ್ತಿಗೆ ಬಡಿಸುವುದು.

ಕೆಂಪಯ್ಯನಿಂದ ಆಗದ ಕೆಲಸ ಒಂದೇ, ರುಚಿಯ ವಿಷಯದಲ್ಲಿ ಸುಳ್ಳು ಹೇಳುವುದು. ಬೇರೆ ವಿಷಯದಲ್ಲಿ ಅವನು ನಮ್ಮ ನಿಮ್ಮ ಹಾಗೆಯೇ. ಕೂಲಿಗೆ ಬರುತ್ತೇನೆಂದು ಹೇಳಿ ಬಾರದಿರುವುದು, ಬೀಡಿ ಬಿಟ್ಟೆ ಎಂದು ಹೆಂಡತಿಗೆ ಆಣೆ ಇಡುವುದು, ಎಲ್ಲವೂ ಉಂಟು. ನಾಲಿಗೆಯ ಮೇಲೆ ಬಿದ್ದದ್ದನ್ನು ಮಾತ್ರ ಇದ್ದ ಹಾಗೆಯೇ ಹೇಳಬೇಕು. ಅವನ ಸ್ವಂತ ತಮ್ಮ ಮರಿಯಯ್ಯ ಮಗಳ ಬೀಗರ ಊಟಕ್ಕೆ ಎಳೆ ಮರಿ ಕಡಿಸಿದ್ದೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ, ಅಡಿಗೆಗೆ ಮಾತ್ರ ಹೊರಗಿನವರನ್ನು ಕರೆಸಿದ್ದ. ಕೆಂಪಯ್ಯ ಬಾಯಿಗಿಟ್ಟು, ಎಡಗಣ್ಣು ಮುಚ್ಚಿ, ಬೀಗರ ಎದುರಿಗೇ ಕಡ್ಡಿ ಮುರಿದಂತೆ ಹೇಳಿದ, ಇದು ಮರಿ ಅಲ್ಲ, ಮುದಿ ಕುರಿ, ಮೆತ್ತಗಾಗಲಿ ಅಂತ ಪರಂಗಿಕಾಯಿ ಹಾಕಿ ಬೇಯಿಸಿದ್ದಾರೆ ಎಂದು. ಬೀಗರು ನಕ್ಕು ಉಂಡು ಹೋದರು. ಮರಿಯಯ್ಯ ಮಾತ್ರ ಆ ಹುಡುಗಿಗೆ ಮಗುವಾಗಿ ಅದಕ್ಕೆ ಹೆಸರಿಡುವವರೆಗೂ ಅಣ್ಣನ ಜೊತೆ ಮಾತು ಬಿಟ್ಟಿದ್ದ. ಒಂದು ದಿನದ ಮಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದ್ದಕ್ಕೆ, ಸುಳ್ಳು ಹೇಳಬೇಕಾದರೆ ನನ್ನನ್ನು ಯಾಕೆ ಕೂರಿಸಬೇಕು, ಯಾರನ್ನಾದರೂ ಕೂರಿಸಬಹುದಲ್ಲ ಎಂದು ನನ್ನನ್ನೇ ಕೇಳಿದ.

ಅವನ ಇನ್ನೊಂದು ಪಟ್ಟು ಸೋಮವಾರ. ಅವನದು ಬೆಟ್ಟದ ಮಾದಪ್ಪನ ಒಕ್ಕಲು. ಸೋಮವಾರ ಮಾಂಸ ತಿನ್ನುವುದಿರಲಿ, ಮಾಂಸದ ಪಾತ್ರೆ ಮುಟ್ಟುವುದಿಲ್ಲ, ಆಡಿನ ವ್ಯಾಪಾರವನ್ನೂ ಮಾತಾಡುವುದಿಲ್ಲ. ಸೋಮವಾರ ಬೀಗರ ಊಟ ಇಟ್ಟುಕೊಂಡವರು ಕೆಂಪಯ್ಯನನ್ನು ಮರೆಯಬೇಕು, ಅಷ್ಟೇ.

ಈಗ ಮೀಲ್ ಮೇಕರ್ ವಿಷಯಕ್ಕೆ ಬರುತ್ತೇನೆ. ಸೋಯಾ ಹಿಟ್ಟಿನಿಂದ ಮಾಡಿದ, ಒಣಗಿದ್ದಾಗ ಬೆಂಡಿನಷ್ಟು ಹಗುರವಾಗಿದ್ದು ನೆನೆಸಿದರೆ ಉಬ್ಬಿ ಮೆತ್ತಗಾಗುವ ಆ ಉಂಡೆಗಳಿಗೆ ನಮ್ಮ ಕಡೆ ಇದೇ ಹೆಸರು. ನನ್ನ ಅಂಗಡಿಯಲ್ಲಿ ಅದನ್ನು ಎಲ್ಲಿಡಬೇಕು ಎನ್ನುವುದೇ ಒಂದು ತಲೆನೋವಾಗಿತ್ತು. ತೊಗರಿಬೇಳೆಯ ಪಕ್ಕ ಇಟ್ಟರೆ ನಮ್ಮವರು ಬೇಳೆಯನ್ನೂ ಅನುಮಾನದಿಂದ ನೋಡುತ್ತಿದ್ದರು. ವಿಭೂತಿ, ಊದುಬತ್ತಿಯ ಪಕ್ಕವಂತೂ ಇಡುವ ಹಾಗಿರಲಿಲ್ಲ. ಕೊನೆಗೆ ಬಟ್ಟೆ ಸೋಪಿಗೂ ಸೊಳ್ಳೆಬತ್ತಿಗೂ ನಡುವೆ ನೇತುಹಾಕಿದೆ. ಅಲ್ಲಿಂದಲೂ ಅದು ಬಿಕರಿಯಾಗುತ್ತಿತ್ತು, ಆದರೆ ಕಳ್ಳಮಾಲಿನ ಹಾಗೆ. ನಂಜುಂಡಪ್ಪ ಮೇಷ್ಟರು ಅದನ್ನು ಕಾಗದದಲ್ಲಿ ಸುತ್ತಿಸಿಕೊಂಡು, ನಾಯಿಗೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒಯ್ಯುತ್ತಿದ್ದರು. ಅವರ ಮನೆಯಲ್ಲಿ ನಾಯಿ ಇರಲಿಲ್ಲ. ಮಾಂಸ ತಿನ್ನುವ ಮನೆಯವರು ಶ್ರಾವಣದಲ್ಲಿ ಬಂದು, ಕಹಿ ಕಷಾಯ ಕೊಳ್ಳುವವರ ಮುಖ ಮಾಡಿಕೊಂಡು ಒಂದು ಪ್ಯಾಕೆಟ್ ಕೇಳುತ್ತಿದ್ದರು. ನಮ್ಮವರಿಗೆ ಅದು ತೀರಾ ಮಾಂಸದ ಹಾಗಿದೆ ಎಂದು ಬೇಡ, ಅವರಿಗೆ ಅದು ಮಾಂಸದ ಹಾಗಿಲ್ಲ ಎಂದು ಬೇಡ. ಎರಡು ಕಡೆಯೂ ಬೈಸಿಕೊಂಡು ನೇತಾಡುತ್ತಿದ್ದ ಆ ಪ್ಯಾಕೆಟ್ಟುಗಳನ್ನು ಕಂಡು ನನಗೇ ಪಾಪ ಎನಿಸುತ್ತಿತ್ತು.

ಕೆಂಪಯ್ಯನಿಗಂತೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಗುಂಡ್ಲುಪೇಟೆಯ ಛತ್ರವೊಂದರಲ್ಲಿ ಯಾರೋ ಪಲಾವಿನಲ್ಲಿ ಮೀಲ್ ಮೇಕರ್ ಹಾಕಿ ಬಡಿಸಿದ್ದರಂತೆ. ಅವನು ಒಂದೊಂದನ್ನೇ ಹೆಕ್ಕಿ ಎಲೆಯ ಅಂಚಿಗೆ ಸಾಲಾಗಿ ಕೂರಿಸಿ, ದಿಂಬಿನೊಳಗಿನ ಹತ್ತಿಗೆ ಮಸಾಲೆ ಹಾಕಿದ್ದಾರೆ ಎಂದು ಅಡಿಗೆಯವನನ್ನು ಕರೆಸಿ ಹೇಳಿ ಬಂದಿದ್ದ. ಚಾಮುಂಡಿ ಮಾತ್ರ ಆಗಾಗ ಒಂದು ಪ್ಯಾಕೆಟ್ ಒಯ್ಯುತ್ತಿದ್ದಳು, ಗಂಡ ಊರಲ್ಲಿಲ್ಲದ ದಿನ ನೋಡಿಕೊಂಡು. ಅವಳು ಅದನ್ನು ಏನು ಮಾಡುತ್ತಾಳೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಇಷ್ಟರಲ್ಲಿ ನಮ್ಮ ದೊಡ್ಡವ್ವ ಬಿದ್ದರು. ದೊಡ್ಡವ್ವ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ ದೊಡ್ಡಮಲ್ಲಮ್ಮ. ದೊಡ್ಡಪ್ಪ ಇಲ್ಲ. ಮಗ ಸೋಮಶೇಖರ್ ಹೊಲ ತೋಟ ನೋಡಿಕೊಂಡು ಊರಲ್ಲೇ ಇದ್ದಾನೆ, ಸೊಸೆ ಶಿವರಂಜನಿ ಅತ್ತೆಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾಳೆ. ಎಪ್ಪತ್ತು ದಾಟಿದ ಮೇಲೂ ದಿನಾ ಬೆಳಿಗ್ಗೆ ಹೊಲದ ಬದುವಿನವರೆಗೆ ನಡೆದು ಹೋಗಿ, ಕೂಲಿಯವರನ್ನು ಬೈದು ಬರದಿದ್ದರೆ ದೊಡ್ಡವ್ವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಅಂಥವರು ಹೋದ ವರ್ಷ ಮಳೆಗಾಲದ ಹೊತ್ತಿಗೆ ಸೊರಗತೊಡಗಿದರು. ಪಾದ ಊದಿಕೊಂಡಿತು, ನೀರಿನ ಲೋಟ ಹಿಡಿದರೆ ಕೈ ನಡುಗಿತು. ಒಂದು ದಿನ ಕೊಟ್ಟಿಗೆಯಲ್ಲಿ ಕುಸಿದು ಬಿದ್ದರು.

ಚಾಮರಾಜನಗರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದರು. ಮೈಯಲ್ಲಿ ಪ್ರೋಟೀನ್ ತೀರಾ ಕಡಿಮೆಯಾಗಿದೆ, ಊಟ ಹೀಗೇ ಎರಡು ತುತ್ತಿಗೆ ನಿಂತರೆ ಮುಂದಿನ ಸಲ ಬಿದ್ದವರು ಏಳುವುದಿಲ್ಲ ಎಂದು ಡಾಕ್ಟರು ಹೇಳಿದರು. ದಿನಾ ಒಂದು ಮೊಟ್ಟೆ ಕೊಡಿ ಎಂದರು. ದೊಡ್ಡವ್ವ ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡರಂತೆ, ಆ ಮಾತು ಲಿಂಗಕ್ಕೆ ಕೇಳಿಸದಿರಲಿ ಎನ್ನುವ ಹಾಗೆ. ಹಾಲು ಕುಡಿದರೆ ಅವರಿಗೆ ಹೊಟ್ಟೆ ಕೆಡುತ್ತದೆ, ಬೇಳೆ ಹೆಚ್ಚಾದರೆ ವಾಯು. ಹಾಗಾದರೆ ಸೋಯಾ ಕೊಡಿ ಎಂದು ಡಾಕ್ಟರು ಕೈ ತೊಳೆದುಕೊಂಡರು.

ಶಿವರಂಜನಿ ಅಂದೇ ನನ್ನ ಅಂಗಡಿಯಿಂದ ಮೀಲ್ ಮೇಕರ್ ಒಯ್ದು ಪಲ್ಯ ಮಾಡಿದಳು. ದೊಡ್ಡವ್ವ ಒಂದು ಉಂಡೆಯನ್ನು ಬೆರಳಲ್ಲಿ ಒತ್ತಿದರು. ಅದು ನೀರು ಬಿಟ್ಟು ಮತ್ತೆ ಉಬ್ಬಿಕೊಂಡಿತು. ತಟ್ಟೆ ಆಚೆ ಹೋಯಿತು. ಇದು ಮಾಂಸದ ಹಾಗೇ ಇದೆ ಎಂದರು. ನಾನು ಅಲ್ಲೇ ಇದ್ದೆ, ಬಾಯಿ ಸುಮ್ಮನಿರಲಿಲ್ಲ. ದೊಡ್ಡವ್ವ, ನೀವು ಮಾಂಸ ಯಾವಾಗ ತಿಂದಿದ್ರಿ ಎಂದು ಕೇಳಿಬಿಟ್ಟೆ.

"ತಿನ್ದೇ ಇರೋದ್ಕೇ ಗೊತ್ತಾಯ್ತದ ಕಣ್ಲಾ," ಎಂದರು ದೊಡ್ಡವ್ವ. "ತಿನ್ನೋರ್ಗೇನ್ ಗೊತ್ತು."

ಶಿವರಂಜನಿ ಸೋಯಾವನ್ನು ಪುಡಿ ಮಾಡಿ ರಾಗಿ ಹಿಟ್ಟಿಗೆ ಬೆರೆಸಿ ಮುದ್ದೆ ಕಟ್ಟಿ ನೋಡಿದಳು. ಹುಟ್ಟಿದಾಗಿನಿಂದ ಮುದ್ದೆ ಉಂಡವರಿಗೆ ಅದು ತಿಳಿಯದೆ ಇರುತ್ತದೆಯೇ. ಮೊದಲ ತುತ್ತಿಗೇ ಸಿಕ್ಕಿಬಿದ್ದಳು. ಅಂದಿನಿಂದ ದೊಡ್ಡವ್ವ ಹಿಟ್ಟಿನ ಡಬ್ಬವನ್ನು ತಮ್ಮ ಮಂಚದ ಕೆಳಗೆ ಇರಿಸಿಕೊಂಡರು. ತಿನ್ನುವುದು ಇನ್ನೂ ಕಡಿಮೆಯಾಯಿತು. ಸೋಮಶೇಖರ್ ಒಂದು ಸಂಜೆ ಅಂಗಡಿಗೆ ಬಂದು ಅಕ್ಕಿ ಮೂಟೆಯ ಮೇಲೆ ಕೂತು, ಅವ್ವ ಕಣ್ಣೆದುರಿಗೇ ಕರಗಿಹೋಗುತ್ತಿದ್ದಾಳೆ ಎಂದು ಅತ್ತ. ನನಗೂ ಸಂಕಟವಾಯಿತು. ನನ್ನ ತಾಯಿ ತೀರಿಕೊಂಡ ಮೇಲೆ ನನಗೆ ಹಬ್ಬದ ಹೋಳಿಗೆ ಕೊಟ್ಟು ಕಳಿಸಿದ ಕೈ ಅದು.

ಮರುದಿನ ನಾವೆಲ್ಲ ಸೇರಿ ಪಟ್ಟು ಹಿಡಿದು ಕೂತೆವು. ದೊಡ್ಡವ್ವನಿಗೆ ರೋಸಿಹೋಗಿರಬೇಕು. ಒಂದು ಷರತ್ತು ಹಾಕಿದರು. ಮಾಂಸ ಬಲ್ಲವನು, ಸುಳ್ಳು ಹೇಳದವನು ಯಾರಾದರೂ ನನ್ನ ಕಣ್ಣೆದುರಿಗೆ ಇದನ್ನು ತಿಂದು, ಇದು ಮಾಂಸದ ಹಾಗಿಲ್ಲ ಎನ್ನಲಿ, ಆಗ ತಿನ್ನುತ್ತೇನೆ ಎಂದರು. ಅಂಥವನು ಎಲ್ಲಿ ಸಿಗುತ್ತಾನೆ ಎನ್ನುವ ಧೈರ್ಯ ಅವರದು. ನಾನೂ ಸೋಮಶೇಖರನೂ ಮುಖ ಮುಖ ನೋಡಿಕೊಂಡೆವು.

ಇಷ್ಟು ಸುಲಭದ ದಾರಿ ಇದೆಯೆಂದು ಗೊತ್ತಿದ್ದರೆ ತಿಂಗಳು ಮೊದಲೇ ಮಾಡಬಹುದಿತ್ತು ಎನಿಸಿತು. ಮೀಲ್ ಮೇಕರನ್ನು ಹತ್ತಿ ಎಂದು ಬೈದವನು ಕೆಂಪಯ್ಯ. ಅವನು ಬಂದು ತನ್ನ ಮಾಮೂಲಿ ಬೈಗುಳ ಬೈದರೆ ಸಾಕು, ನಮ್ಮ ಕೆಲಸವಾಯಿತು. ವಿಷಯ ಹೇಳಿದಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಯ್ಯುವುದಕ್ಕೆಂದೇ ಊಟಕ್ಕೆ ಕರೆಯುತ್ತಾರೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಸೋಮವಾರ ಒಂದು ಬಿಟ್ಟು ಯಾವಾಗ ಬೇಕಾದರೂ ಬರುತ್ತೇನೆ ಎಂದ. ಬುಧವಾರ ಎಂದು ಗೊತ್ತುಮಾಡಿದೆವು.

ಆ ಮನೆಯ ಹೊಲದಲ್ಲಿ ಹುಡುಗನಾಗಿದ್ದಾಗಿನಿಂದ ದುಡಿದಿದ್ದರೂ ಕೆಂಪಯ್ಯ ಅದರ ಜಗಲಿ ದಾಟಿದವನಲ್ಲ. ಉಂಡದ್ದು ಜಗಲಿಯ ತುದಿಯಲ್ಲಿ, ನೀರು ಕುಡಿದದ್ದು ಮೇಲಿನಿಂದ ಬೊಗಸೆಗೆ ಹುಯ್ಯಿಸಿಕೊಂಡು. ಈಚಿನ ವರ್ಷಗಳಲ್ಲಿ ಲೋಟ ಬಂದಿತ್ತು, ಹೊಸ್ತಿಲು ಮಾತ್ರ ಇದ್ದಲ್ಲೇ ಇತ್ತು. ಅದನ್ನು ಯಾರೂ ಕಟ್ಟಳೆ ಎಂದು ಹೇಳುತ್ತಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಹೇಳಲು ನಾಚಿಕೆಯಾಗುವ ಸಂಗತಿ, ಆದರೆ ಇದ್ದದ್ದು ಹಾಗೆ. ಆವತ್ತು ದೊಡ್ಡವ್ವ ಎದ್ದು ಜಗಲಿಗೆ ಬರುವ ಸ್ಥಿತಿಯಲ್ಲಿರಲಿಲ್ಲ, ಅವನ ಮುಖ ನೋಡದೆ ಅವನ ಮಾತು ನಂಬಲೂ ಅವರು ಸಿದ್ಧರಿರಲಿಲ್ಲ. ಒಳಗೇ ಬಾ ಎಂದು ಕರೆದವರು ಅವರೇ. ಕೆಂಪಯ್ಯ ತೊಟ್ಟಿಯ ಬಳಿ ಕಾಲು ತೊಳೆದ, ಒಂದು ಕ್ಷಣ ನಿಂತ, ಮತ್ತೆ ಹೋಗಿ ಇನ್ನೊಂದು ಸಲ ತೊಳೆದುಕೊಂಡು ಬಂದ. ನಡುಮನೆಯಲ್ಲಿ ದೊಡ್ಡವ್ವನ ಮಂಚದ ಎದುರಿಗೆ ಮಣೆ ಹಾಕಿತ್ತು. ಮಣೆಯನ್ನು ಒಂಚೂರು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತ.

ಅಡಿಗೆಮನೆಯಿಂದ ಘಮಲು ಬಂದಾಗ ನನಗೆ ಏನೂ ಅನಿಸಲಿಲ್ಲ. ಕೆಂಪಯ್ಯನ ಮೂಗು ಅರಳಿದ್ದನ್ನು ನೋಡಿ ಮಾತ್ರ ಅಡಿಗೆಮನೆಯ ಕಡೆ ಇಣುಕಿದೆ. ಶಿವರಂಜನಿ ನಮಗೆ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದಳು. ಊರಿಗೆಲ್ಲ ರುಚಿ ಹೇಳುವವನು ಮನೆಗೆ ಬರುತ್ತಿದ್ದಾನೆ, ಅಡಿಗೆ ಕೆಟ್ಟಿತು ಎಂದು ಅವನು ಹೋಗಿ ಹೇಳಬಾರದು ಎಂದು ಹೆದರಿ, ಹಿಂದಿನ ದಿನ ಚಾಮುಂಡಿಯ ಹತ್ತಿರ ಹೋಗಿ ಮೀಲ್ ಮೇಕರ್ ಸಾರು ಹೇಗೆ ಮಾಡುವುದು ಎಂದು ಕೇಳಿ ಬಂದಿದ್ದಳು. ಪಾಪ, ಏನೂ ಅರಿಯದ ಹುಡುಗಿ. ಚಾಮುಂಡಿಗೆ ಗೊತ್ತಿದ್ದದ್ದು ಒಂದೇ ಮಸಾಲೆ. ಉಂಡೆಗಳನ್ನು ಬಿಸಿ ನೀರಲ್ಲಿ ಹಾಕಿ ಹಿಂಡಿ, ಹಸಿ ವಾಸನೆ ಹೋಗುವಷ್ಟು ತೊಳೆದು, ಶುಂಠಿ ಬೆಳ್ಳುಳ್ಳಿ ಅರಿಸಿನದಲ್ಲಿ ಹುರಿದು, ಸುಟ್ಟ ಈರುಳ್ಳಿ, ಹುರಿದ ಕೊಬ್ಬರಿ, ಗಸಗಸೆ, ಚಕ್ಕೆ, ಲವಂಗ, ಕಲ್ಲುಹೂವು ರುಬ್ಬಿ ಹಾಕಿ, ಸೌದೆ ಒಲೆಯ ಮೇಲೆ ನಿಧಾನಕ್ಕೆ ಕುದಿಸಬೇಕು ಎಂದು ಪ್ರೀತಿಯಿಂದ ಹೇಳಿಕೊಟ್ಟಿದ್ದಳು. ಅದು ಕೆಂಪಯ್ಯನ ಬೀಗರ ಊಟದ ಮಸಾಲೆ. ಅದರಲ್ಲಿ ಇಲ್ಲದಿದ್ದದ್ದು ಮಾಂಸವೊಂದೇ.

ಶಿವರಂಜನಿ ಮುದ್ದೆ ಇಟ್ಟು ಸಾರು ಬಡಿಸಿದಳು. ಕೆಂಪಯ್ಯ ಒಂದು ಉಂಡೆ ತೆಗೆದು ಬಾಯಿಗಿಟ್ಟ. ಎಡಗಣ್ಣು ಮುಚ್ಚಿಕೊಂಡಿತು. ದವಡೆ ಆಡಿತು, ನಿಂತಿತು. ಅಷ್ಟು ಹೊತ್ತು ಅದು ನಿಂತದ್ದನ್ನು ನಾನು ಯಾವ ಚಪ್ಪರದಲ್ಲೂ ನೋಡಿರಲಿಲ್ಲ. ಮುಚ್ಚಿದ ಕಣ್ಣು ತೆರೆದು ಸಾರನ್ನು ನೋಡಿದ, ಶಿವರಂಜನಿಯನ್ನು ನೋಡಿದ, ಕೊನೆಗೆ ಮಂಚದ ಕಡೆ ನೋಡಿದ. ದೊಡ್ಡವ್ವ ನೀರಿನ ಲೋಟ ಎರಡು ಕೈಯಲ್ಲಿ ಹಿಡಿದಿದ್ದರು. ನೀರು ಸೀರೆಯ ಮೇಲೆ ತುಳುಕುತ್ತಿತ್ತು, ಅದು ಅವರಿಗೆ ತಿಳಿಯುತ್ತಲೂ ಇರಲಿಲ್ಲ.

"ಏನ್ಲಾ ಕೆಂಪಯ್ಯ, ಎಂಗದೆ ಏಳು," ಎಂದರು. "ನಿನ್ ಮಾತು ಒಂದೇ ನಾನ್ ನಂಬೋದು."

ಕೆಂಪಯ್ಯ ಬಾಯಲ್ಲಿದ್ದದ್ದನ್ನು ನುಂಗಿದ. "ಇದ್ರಲ್ಲಿ ಮಾಂಸದ ಗುಣ ಒಂದ್ ಚೂರೂ ಇಲ್ಲ ಅವ್ವಾರೆ. ಒಣಗಿದ್ ಉಲ್ಲು. ದೈರ್ಯವಾಗಿ ಉಣ್ಣಿ."

ಇಷ್ಟು ಹೇಳಿ, ತಲೆ ತಗ್ಗಿಸಿ ಉಣ್ಣತೊಡಗಿದ, ಸಾರು ಮುಗಿದಂತೆ ಮತ್ತೆ ಬಡಿಸಿಕೊಂಡ. ದೊಡ್ಡವ್ವ ಅವನನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಶಿವರಂಜನಿಗೆ ತಟ್ಟೆ ತಾ ಎಂದರು. ಮೊದಲು ಒಂದು ಚೂರು, ಆಮೇಲೆ ಇನ್ನೊಂದು, ಹೀಗೆ ಕಣ್ಣು ಮುಚ್ಚಿಕೊಂಡು ಅರ್ಧ ಮುದ್ದೆ ಮುಗಿಸಿದರು. ಸೋಮಶೇಖರ್ ಹಿತ್ತಿಲ ಕಡೆ ಎದ್ದು ಹೋದ. ಅವನು ಯಾಕೆ ಹೋದ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹಿಂದೆ ಹೋಗಲಿಲ್ಲ.

ನಾನೂ ಕೆಂಪಯ್ಯನೂ ಅಂಗಡಿಯವರೆಗೆ ಜೊತೆಯಲ್ಲಿ ನಡೆದೆವು. ಅವನು ಅಂಗಡಿ ಮುಂದಿನ ಹಲಗೆಯ ಮೇಲೆ ಕೂತು, ಎದುರಿಗೆ ಹೋಗುತ್ತಿದ್ದ ಕೇರಳದ ಲಾರಿಗಳನ್ನು ನೋಡತೊಡಗಿದ. ಹುಲ್ಲು ಅಷ್ಟು ಸಪ್ಪೆಯಾಗಿತ್ತೇ ಎಂದು ನಾನು ಛೇಡಿಸಿದೆ.

"ತೇಟ್ ಮರಿ ಮಾಂಸ ಕಣ, ಶಿವಶಂಕ್ರಪ್ಪ," ಎಂದ. "ಕಣ್ ಕಟ್ಬುಟ್ಟು ಕೊಟ್ಟಿದ್ರೆ ಇಕ್ಕಿ ಅಂದ್ಬುಡ್ತಿದ್ದೆ. ನೀನ್ ಯಾರ್ಗೂ ಏಳ್ಬೇಡ."

ಯಾಕೆ ಹಾಗೆ ಹೇಳಿದೆ ಎಂದು ನಾನು ಕೇಳಬೇಕಾಗಲಿಲ್ಲ. ಆ ಲೋಟವನ್ನು ನಾನೂ ನೋಡಿದ್ದೆ. ಸ್ವಂತ ತಮ್ಮನ ಮರ್ಯಾದೆಗೆಂದು ಬಗ್ಗದ ನಾಲಿಗೆ ಆ ನಡುಗುವ ಕೈಗಳಿಗೆ ಬಗ್ಗಿತ್ತು. ಅಂದು ಸಂಜೆ ಅವನ ಮನೆಯಲ್ಲಿ ಜೋರು ಜಗಳವಾಯಿತೆಂದು ಕೇಳಿದೆ. ನಮ್ಮ ಮಸಾಲೆಯನ್ನು ಅಲ್ಲಿಗೆ ಯಾಕೆ ಕೊಟ್ಟೆ ಎಂದು ಅವನು, ಅದನ್ನೇ ಹಾಕಿ ನಾನು ಹೋದ ಬೇಸಿಗೆಯಲ್ಲಿ ಮಾಡಿಟ್ಟಿದ್ದ ಮೀಲ್ ಮೇಕರ್ ಸಾರನ್ನು ನೀನು ರಾತ್ರಿಯ ಮಾಂಸದ ಸಾರು ಉಳಿದಿದೆ ಅಂತ ಉಂಡೆಯಲ್ಲ ಎಂದು ಅವಳು. ಆ ಮಾತಿನ ಮೇಲೆ ಜಗಳ ಮುಂದುವರಿಯಲಿಲ್ಲವಂತೆ.

ಕೆಂಪಯ್ಯನ ಸಾಕ್ಷಿ ಊರೆಲ್ಲ ಹರಡಿತು. ನನ್ನ ವ್ಯಾಪಾರ ತಲೆಕೆಳಗಾಯಿತು. ಕೆಂಪಯ್ಯನೇ ಮಾಂಸದ ಹಾಗಿಲ್ಲ ಎಂದ ಮೇಲೆ ಇನ್ನೇನು ಎಂದು ನಮ್ಮವರೆಲ್ಲ ರಾಜಾರೋಷವಾಗಿ ಬಂದು ಮೀಲ್ ಮೇಕರ್ ಕೇಳಿದರು. ನಂಜುಂಡಪ್ಪ ಮೇಷ್ಟರಿಗೆ ನಾಯಿಯ ಅಗತ್ಯವೇ ಉಳಿಯಲಿಲ್ಲ. ಅದೇ ಕಾರಣಕ್ಕೆ ಮಾಂಸ ತಿನ್ನುವ ಮನೆಯವರು ಶ್ರಾವಣದಲ್ಲೂ ಆ ಕಡೆ ತಿರುಗಿ ನೋಡಲಿಲ್ಲ, ಕೆಂಪಯ್ಯ ಹುಲ್ಲು ಎಂದದ್ದನ್ನು ದುಡ್ಡು ಕೊಟ್ಟು ಯಾರು ತಿನ್ನುತ್ತಾರೆ ಎಂದು. ಪ್ಯಾಕೆಟ್ಟುಗಳು ಸೊಳ್ಳೆಬತ್ತಿಯ ಪಕ್ಕದಿಂದ ಬಡ್ತಿ ಪಡೆದು ತೊಗರಿಬೇಳೆಯ ಪಕ್ಕಕ್ಕೆ ಬಂದವು.

ಕೆಂಪಯ್ಯ ಮಾತ್ರ ಇಕ್ಕಟ್ಟಿಗೆ ಸಿಕ್ಕಿಕೊಂಡ. ದೊಡ್ಡವ್ವ ದಿನಾ ಅಷ್ಟಷ್ಟು ಉಣ್ಣುತ್ತ, ಗೋಡೆ ಹಿಡಿದು ಏಳುವಂತಾದರು. ತನ್ನನ್ನು ಎಬ್ಬಿಸಿ ಕೂರಿಸಿದವನಿಗೆ ಏನಾದರೂ ಮಾಡಬೇಕೆಂದು ಅವರ ಮನಸ್ಸಿಗೆ ಬಂತು. ಸೋಮವಾರ ಆ ಮನುಷ್ಯ ಮಾಂಸ ಮುಟ್ಟುವುದಿಲ್ಲ, ಬರೀ ಸೊಪ್ಪಿನ ಸಾರು ಉಣ್ಣುತ್ತಾನೆ, ಪಾಪ, ಅವತ್ತು ಈ ಸಾರು ಕಳಿಸಿ ಎಂದರು. ಹಾಗೆ ಪ್ರತಿ ಸೋಮವಾರ ಸೋಮಶೇಖರ್ ಬೈಕಿನಲ್ಲಿ ಒಂದು ಊಟದ ಕ್ಯಾರಿಯರ್ ತಂದು ಕೆಂಪಯ್ಯನ ಮನೆಗೆ ಕೊಟ್ಟು ಹೋಗತೊಡಗಿದ.

ಹುಟ್ಟಿದಾಗಿನಿಂದ ಕಾಯ್ದುಕೊಂಡು ಬಂದ ಸೋಮವಾರ. ಎದುರಿಗೆ, ತನ್ನ ನಾಲಿಗೆ ಮಾಂಸ ಎಂದು ಒಪ್ಪಿಕೊಂಡ ಸಾರು. ಉಂಡರೆ ಮಾದಪ್ಪನಿಗೆ ಏನು ಹೇಳುವುದು, ಬೇಡವೆಂದರೆ ಅವ್ವಾರಿಗೆ ಏನು ಹೇಳುವುದು. ಅವನು ಬಂದು ನನ್ನನ್ನೇ ಕೇಳಿದ, ಮಾದಪ್ಪ ನಾಲಿಗೆ ನೋಡುತ್ತಾನಾ, ಹೊಟ್ಟೆ ನೋಡುತ್ತಾನಾ ಎಂದು. ನಾನು ಪ್ಯಾಕೆಟ್ ತೆಗೆದು, ಸಸ್ಯಾಹಾರದ ಗುರುತಿಗೆಂದು ಹಾಕಿರುವ ಹಸಿರು ಚುಕ್ಕೆ ತೋರಿಸಿದೆ. ಮಾದಪ್ಪ ಪ್ಯಾಕೆಟ್ ನೋಡುವುದಿಲ್ಲ ಎಂದ. ತಿನ್ನದೆ ಇದ್ದ ನಮ್ಮ ದೊಡ್ಡವ್ವನನ್ನು ಕಾಡಿದ ಅನುಮಾನ ಈಗ ತಿಂದವನನ್ನೇ ಕಾಡುತ್ತಿದೆಯಲ್ಲ ಎಂದು ನನಗೆ ಒಳಗೊಳಗೇ ನಗು. ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಸೋಮವಾರ ಕ್ಯಾರಿಯರನ್ನು ಅಟ್ಟದ ಮೇಲೆ ಇಡುವುದು, ಮಂಗಳವಾರ ಬೆಳಿಗ್ಗೆ ಬಿಸಿ ಮಾಡಿ ಉಣ್ಣುವುದು. ಮಾಂಸದ ಸಾರಿನ ಹಾಗೆಯೇ ಮರುದಿನಕ್ಕೆ ಇನ್ನೂ ರುಚಿ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದ.

ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ರಸ್ತೆಯ ಆಚೆ ಬದಿಯಲ್ಲಿ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕ್ಯಾರಿಯರ್ ಹಿಡಿದು ದೊಡ್ಡವ್ವ ನಡೆದು ಬರುತ್ತಿದ್ದರು. ಜೊತೆಗೆ ಯಾರೂ ಇರಲಿಲ್ಲ. ನಾನು ಅಂಗಡಿ ಬಿಟ್ಟು ಓಡಿದೆ. ಕ್ಯಾರಿಯರ್ ಕೊಡಿ ಎಂದರೆ ಕೊಡಲಿಲ್ಲ. ನನ್ನ ಕಾಲು ಬಂದಿದೆ, ಕೈಯೂ ಬಂದಿದೆ ಎಂದರು. ಎಲ್ಲಿಗೆ ಎಂದರೆ ಕೆಂಪಯ್ಯನ ಮನೆಗೆ ಎಂದರು. ನಮ್ಮ ಬೀದಿಯವರು ಕೆಲಸಕ್ಕೆ ಕರೆಯಲು ಅವನ ಬೀದಿಯ ತುದಿಯವರೆಗೆ ಹೋಗಿ ನಿಂತು ಕೂಗುವುದುಂಟು. ದೊಡ್ಡವ್ವ ತುದಿಯಲ್ಲಿ ನಿಲ್ಲಲಿಲ್ಲ.

ಕೆಂಪಯ್ಯ ಜಗಲಿಯ ಮೇಲೆ ಕೂತು ಸೊಪ್ಪಿನ ಸಾರಿನಲ್ಲಿ ಮುದ್ದೆ ಉಣ್ಣುತ್ತಿದ್ದ. ನಮ್ಮನ್ನು ನೋಡಿ ತಟ್ಟೆ ಬಿಟ್ಟು ಎದ್ದುನಿಂತ. ದೊಡ್ಡವ್ವ ಜಗಲಿಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು. ಕ್ಯಾರಿಯರ್ ಮುಂದಿಟ್ಟು, ಬಿಸಿಯಾಗಿದೆ, ನನ್ನೆದುರಿಗೆ ಉಣ್ಣು ಎಂದರು. ಕೆಂಪಯ್ಯ ಹೊಟ್ಟೆ ಸರಿಯಿಲ್ಲ ಎಂದ. ನಾಳೆ ಉಣ್ಣುತ್ತೇನೆ ಎಂದ. ನನ್ನ ಕಡೆ ನೋಡಿದ. ನಾನು ಆಡುಗಳ ಕಡೆ ನೋಡಿದೆ.

"ಸೋಮಾರ ಅಂತ ತಾನೇ," ಎಂದರು ದೊಡ್ಡವ್ವ.

ಅವನು ಮುದ್ದೆ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಅವತ್ತು ಉಲ್ಲು ಅಂದ್ಬುಟ್ಟು ಮತ್ ಮತ್ತೆ ಬಡಿಸ್ಕೊಂಡಲ್ಲ. ಉಲ್ಲ ಯಾರ್ಲಾ ಅಂಗ್ ಉಣ್ತಾರೆ. ಅವತ್ತೇ ನಂಗ್ ಗೊತ್ತಾಯ್ತು."

ಕೆಂಪಯ್ಯ ನೆಲ ನೋಡುತ್ತ, ಗೊತ್ತಿದ್ದೂ ಯಾಕೆ ಉಂಡ್ರಿ ಅವ್ವಾರೆ ಎಂದ. ಅವನ ದನಿ ನ್ಯಾಯದಲ್ಲಿ ಸೋತವನ ದನಿಯ ಹಾಗಿತ್ತು. ದೊಡ್ಡವ್ವ ಎದೆಯ ಮೇಲಿನ ಕರಡಿಗೆಯನ್ನು ಒಂದು ಸಲ ಮುಟ್ಟಿಕೊಂಡರು. ಈ ಸಲ ಸೆರಗು ಮುಚ್ಚಲಿಲ್ಲ.

"ಒಡುಟ್ದೋನ್ಗೋಸ್ಕರಾನೂ ಸುಳ್ಳಾಡ್ದೇ ಇದ್ದೋನು ನೀನು. ನಾನು ಬದುಕ್ಲಿ ಅಂತ ಒಂದ್ ಸುಳ್ಳಾಡ್ದೆ. ಅದ ಎಂಗ್ಲಾ ಎಂಜ್ಲು ಎಲೇಲಿ ಬುಟ್ಟು ಏಳ್ಲಿ."

ನನ್ನ ಕಣ್ಣು ತುಂಬಿತು, ಅದನ್ನು ಮುಚ್ಚಿಡುವುದಿಲ್ಲ. ಇನ್ನು ಮೇಲೆ ಕ್ಯಾರಿಯರ್ ಮಂಗಳವಾರ ಬರುತ್ತದೆ ಎಂದು ದೊಡ್ಡವ್ವ ಹೇಳಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಚಾಮುಂಡಿಯ ಕಡೆ ತಿರುಗಿ, ನಡೆದು ಬಂದು ಬಾಯಾರಿದೆ ಕಣಮ್ಮಿ, ನೀರು ಕೊಡು ಎಂದರು. ಚಾಮುಂಡಿ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋಗಿ ಲೋಟ ಬೆಳಗಿ ನೀರು ತಂದಳು. ದೊಡ್ಡವ್ವ ಲೋಟವನ್ನು ಒಂದೇ ಕೈಯಲ್ಲಿ ಹಿಡಿದು, ಒಂದು ಹನಿಯೂ ತುಳುಕದ ಹಾಗೆ, ತಳದವರೆಗೂ ಕುಡಿದು ಕೆಳಗಿಟ್ಟರು.

ಕೆಂಪಯ್ಯ ಇನ್ನೂ ನಿಂತೇ ಇದ್ದ. ದೊಡ್ಡವ್ವ ಕೋಲು ಊರಿ ಏಳುವಾಗ ಅವನಿಗೆ ಇನ್ನು ತಡೆಯಲಾಗಲಿಲ್ಲ ಎಂದು ಕಾಣುತ್ತದೆ.

"ಅವತ್ತಿಂದ ಒಂದ್ ಮಾತ್ ಏಳ್ಬೇಕು ಅಂತಿದ್ದೆ ಅವ್ವಾರೆ," ಎಂದ. "ಉಪ್ಪು ಒಂಚೂರು ಮುಂದಾಗಿತ್ತು."